ತನ್ನ ಗೆರೆ ತಾನೇ ಹುಡುಕಿಕೊಂಡ ಜಾಮಿನಿ ರಾಯ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ಕಂಪ್ಯೂಟರ್ ವಿಷಯವಾಗಿ ಬರೆಯಲೇ ಎಂದು ಕೇಳಿದೆ. ಅದನ್ನು ಬರೆಯುವವರು ಬೇರೆ ಇಬ್ಬರಿದ್ದಾರೆ, ನೀವು ಮೆಚ್ಚಿದ ಒಬ್ಬ ಹಿರಿಯರ ಜೀವನದ ಬಗ್ಗೆ ಬರೆಯಿರಿ, ಮಕ್ಕಳಿಗೂ ಉಪಯೋಗವಾಗುತ್ತದೆ ಎಂದರು. ಬರೆಯಲು ಕುಳಿತಾಗ ವಿಜ್ಞಾನಿಗಳ ಹೆಸರು ನೆನಪಾದವು, ಸ್ವಾತಂತ್ರ್ಯ ಹೋರಾಟಗಾರರ ಹೆಸರೂ ನೆನಪಾದವು. ಕೊನೆಗೆ ನಾನು ಆರಿಸಿಕೊಂಡದ್ದು ಬಂಗಾಳದ ಚಿತ್ರಕಾರ ಜಾಮಿನಿ ರಾಯ್ ಅವರನ್ನು. ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಚಿತ್ರಕಾರರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಕಾರಣ ನಮ್ಮ ಶಾಲೆಯಲ್ಲೇ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಪ್ರತಿಭಾ ಕಾರಂಜಿಯ ಚಿತ್ರಕಲಾ ಸ್ಪರ್ಧೆಗೆ ಹೋಗಿದ್ದೆ. ಕೊಟ್ಟ ವಿಷಯ ನಮ್ಮ ಊರು. ನಾನು ಬರೆದದ್ದು ಹಿಮ ಮುಚ್ಚಿದ ಮೂರು ಬೆಟ್ಟ, ಅದರ ಕೆಳಗೆ ಚೂಪು ಮರಗಳು, ಹೊಗೆ ಹೋಗುವ ಕೊಳವೆ ಇದ್ದ ಒಂದು ಮನೆ, ಮುಂದೆ ಒಂದು ಕೆರೆ, ಕೆರೆಯಲ್ಲಿ ಬಾತುಕೋಳಿ. ಎಲ್ಲವೂ ನಮ್ಮ ಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರಿನಿಂದ ಕಲಿತದ್ದು. ನನಗೆ ಎರಡನೇ ಬಹುಮಾನ ಬಂತು. ನಮ್ಮ ಮೇಷ್ಟ್ರು ಬೆನ್ನು ತಟ್ಟಿದರು. ಆಮೇಲೆ ಮೆಲ್ಲಗೆ, ಇದು ಯಾವ ಊರಪ್ಪ ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ.

ಅದೇ ವಾರ ನಮ್ಮ ಮನೆಯಲ್ಲಿ ಭೂಮಿ ಹುಣ್ಣಿಮೆಯ ತಯಾರಿ ನಡೆದಿತ್ತು. ಅಜ್ಜಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿ, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಭೂಮಣ್ಣಿ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಿದ್ದರು. ಒಂದೊಂದು ಎಳೆಯೂ ದಾರ ಹಿಡಿದು ಎಳೆದ ಹಾಗೆ ನೇರ. ನನ್ನ ಸರ್ಟಿಫಿಕೇಟ್ ತೋರಿಸಿದಾಗ ಅವರಿಗೆ ಬಹಳ ಸಂತೋಷವಾಯಿತು. ನಾನು ಮಾತ್ರ ಅವರು ಬರೆಯುತ್ತಿದ್ದುದನ್ನು ಚಿತ್ರ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಶಾಲೆಯ ಗೆಳೆಯರು ಮನೆಗೆ ಬಂದರೆ ಆ ಬುಟ್ಟಿ ಕಾಣದ ಹಾಗೆ ಒಳಗಿಡುತ್ತಿದ್ದೆ ಎನ್ನುವುದನ್ನು ಇಲ್ಲಿ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಇದಾಗಿ ಎಷ್ಟೋ ವರ್ಷಗಳ ನಂತರ, ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಚಿತ್ರದ ಮುಂದೆ ಕಾಲು ನಿಂತುಬಿಟ್ಟಿತು. ಇಟ್ಟಿಗೆಯ ಕೆಂಪು ಬಣ್ಣ, ದಪ್ಪನೆಯ ಕಪ್ಪು ಗೆರೆ, ಕಿವಿಯವರೆಗೆ ಚಾಚಿದ ಉದ್ದ ಕಣ್ಣಿನ ಹೆಂಗಸು. ಬಣ್ಣ ನಾಲ್ಕೈದೇ. ನೆರಳಿಲ್ಲ, ಹಿಂದೆ ಬೆಟ್ಟವಿಲ್ಲ, ಆಕಾಶವಿಲ್ಲ. ನನಗೆ ಅಜ್ಜಿಯ ಬುಟ್ಟಿ ನೆನಪಾಯಿತು. ಕೆಳಗೆ ಜಾಮಿನಿ ರಾಯ್ ಎಂದು ಬರೆದಿತ್ತು. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಕೆಮ್ಮಣ್ಣಿನ ಸೀಮೆಯ ಹುಡುಗ

ಜಾಮಿನಿ ರಾಯ್ ಹುಟ್ಟಿದ್ದು 1887ರ ಏಪ್ರಿಲ್‌ನಲ್ಲಿ, ಈಗಿನ ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯ ಬೆಲಿಯಾತೋರ್ ಎಂಬ ಹಳ್ಳಿಯಲ್ಲಿ. ಬಂಗಾಳ ಎಂದರೆ ನಮಗೆ ನದಿ, ಕೆಸರು, ಮೀನು ನೆನಪಾಗುತ್ತದೆ. ಬಾಂಕುರಾ ಹಾಗಲ್ಲ. ನಮ್ಮ ಕಡೆಯ ಹಾಗೆ ಜಂಬಿಟ್ಟಿಗೆಯ ಕೆಂಪು ನೆಲ, ಅಲ್ಲಲ್ಲಿ ಕಾಡು. ಅದೇ ಜಿಲ್ಲೆಯ ವಿಷ್ಣುಪುರದಲ್ಲಿ ಮಲ್ಲ ಅರಸರು ಕಟ್ಟಿಸಿದ ಇಟ್ಟಿಗೆಯ ದೇವಸ್ಥಾನಗಳಿವೆ. ಅವುಗಳ ಗೋಡೆಯ ತುಂಬ ರಾಮಾಯಣ, ಕೃಷ್ಣಲೀಲೆಯ ಸುಟ್ಟ ಮಣ್ಣಿನ ಉಬ್ಬುಚಿತ್ರಗಳು. ಪಾಂಚಮುರಾ ಎಂಬ ಊರಿನ ಕುಂಬಾರರು ಮಾಡುವ ಉದ್ದ ಕತ್ತಿನ ಮಣ್ಣಿನ ಕುದುರೆಗಳನ್ನು ಇವತ್ತು ಕರಕುಶಲ ಮಳಿಗೆಗಳಲ್ಲಿ ನಾವೆಲ್ಲ ನೋಡಿರುತ್ತೇವೆ. ಸುತ್ತಮುತ್ತ ಸಂತಾಲ ಬುಡಕಟ್ಟಿನ ಹಾಡಿಗಳು. ಊರೂರು ತಿರುಗುತ್ತ, ಉದ್ದನೆಯ ಪಟವನ್ನು ಬಿಚ್ಚಿ ತೋರಿಸಿ ಕಥೆ ಹಾಡುವ ಪಟುವಾ ಎಂಬ ಚಿತ್ರಗಾರರು. ವ್ರತದ ದಿನ ಹೆಂಗಸರು ಅಕ್ಕಿಹಿಟ್ಟಿನಲ್ಲಿ ನೆಲದ ಮೇಲೆ ಬರೆಯುವ ಆಲ್ಪನಾ.

ರಾಯ್ ಅವರದು ಸ್ವಲ್ಪ ಜಮೀನಿದ್ದ ಮಧ್ಯಮ ವರ್ಗದ ಮನೆ. ಹುಡುಗ ಇದೆಲ್ಲವನ್ನೂ ನೋಡುತ್ತ ಬೆಳೆದ. ಕುಂಬಾರರ ಕೈ, ವಿಗ್ರಹ ಮಾಡುವವರ ಕೈ, ಪಟ ಬರೆಯುವವರ ಕೈ. ಆದರೆ ಆ ಕಾಲದಲ್ಲಿ ಇದನ್ನು ಯಾರೂ ಕಲೆ ಎಂದು ಕರೆಯುತ್ತಿರಲಿಲ್ಲ. ಅದು ಹೊಟ್ಟೆಪಾಡಿನ ಕಸುಬು, ಹಬ್ಬದ ಆಚಾರ. ಕಲೆ ಕಲಿಯಬೇಕೆಂದರೆ ಕಲ್ಕತ್ತಕ್ಕೆ ಹೋಗಬೇಕು.

ಕಲ್ಕತ್ತದಲ್ಲಿ ಹೆಸರು ಮಾಡಿದ್ದು

1903ರಲ್ಲಿ, 16ನೇ ವಯಸ್ಸಿನಲ್ಲಿ, ಅವರು ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ ಸೇರಿದರು. ಅಲ್ಲಿ ಬ್ರಿಟಿಷರು ತಂದ ಪಾಠಕ್ರಮ. ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು ಗೆರೆ ಕಲಿಯುವುದು, ನೆರಳು ಬೆಳಕು ಹಿಡಿಯುವುದು, ದೇಹರಚನೆ, ಕ್ಯಾನ್ವಾಸಿನ ಮೇಲೆ ತೈಲವರ್ಣ. ರಾಯ್ ಇದರಲ್ಲಿ ಗಟ್ಟಿಗರಾದರು. 1908ರಲ್ಲಿ ಡಿಪ್ಲೊಮಾ ಮುಗಿಸಿ ಹೊರಬಂದರು.

ಆ ಕಾಲಕ್ಕೆ ಈ ವಿದ್ಯೆಗೆ ಮಾರುಕಟ್ಟೆ ಇತ್ತು. ಬಣ್ಣದ ಫೋಟೊ ಇರಲಿಲ್ಲ. ಶ್ರೀಮಂತ ಮನೆತನಗಳಿಗೆ ತಮ್ಮದೋ ತಮ್ಮ ಹಿರಿಯರದೋ ದೊಡ್ಡ ತೈಲಚಿತ್ರ ಬೇಕಾಗುತ್ತಿತ್ತು. ಎದುರು ಕೂರಿಸಿಕೊಂಡೋ ಕಪ್ಪುಬಿಳುಪು ಫೋಟೊ ನೋಡಿಕೊಂಡೋ ಭಾವಚಿತ್ರ ಬರೆದುಕೊಡುವುದು ಒಳ್ಳೆಯ ಸಂಪಾದನೆಯ ಕೆಲಸ. ರಾಯ್ ಅವರ ಭಾವಚಿತ್ರಗಳಿಗೆ ಬೇಡಿಕೆ ಬಂತು. ಅದರ ಜೊತೆಗೆ ಐರೋಪ್ಯ ಮಾದರಿಯಲ್ಲಿ ನಿಸರ್ಗ ಚಿತ್ರಗಳನ್ನೂ ಬರೆದರು. ವ್ಯಾನ್ ಗೋ ಅವರಂಥ ಪಶ್ಚಿಮದ ಚಿತ್ರಕಾರರ ಶೈಲಿಯನ್ನೂ ಅಭ್ಯಾಸ ಮಾಡಿದರು. ಏನು ಕೊಟ್ಟರೂ ಅದರಂತೆಯೇ ಬರೆಯಬಲ್ಲ ಕೈ ಅವರದು.

ಅವರ ಮುಂದೆ ಇನ್ನೊಂದು ದಾರಿಯೂ ತೆರೆದಿತ್ತು. ಅವರು ಓದುವಾಗ ಅದೇ ಕಲಾಶಾಲೆಯ ಉಪಪ್ರಾಂಶುಪಾಲರಾಗಿದ್ದವರು ರವೀಂದ್ರನಾಥ ಟಾಗೋರರ ಚಿಕ್ಕಪ್ಪನ ಮೊಮ್ಮಗ ಅವನೀಂದ್ರನಾಥ ಟಾಗೋರರು. ಸ್ವದೇಶಿ ಚಳವಳಿಯ ಕಾಲ ಅದು. ಯುರೋಪಿನ ತೈಲವರ್ಣ ಬೇಡ, ನಮ್ಮದೇ ಚಿತ್ರಕಲೆ ಬೇಕು ಎಂದು ಅವನೀಂದ್ರನಾಥರು ಅಜಂತಾ, ಮೊಘಲ್ ಮತ್ತು ರಾಜಸ್ಥಾನಿ ಕಿರುಚಿತ್ರಗಳು, ಜಪಾನಿನ ಜಲವರ್ಣ ಎಲ್ಲವನ್ನೂ ಸೇರಿಸಿ ಒಂದು ಹೊಸ ಶೈಲಿ ಕಟ್ಟಿದರು. ಬಂಗಾಳ ಶೈಲಿ ಎಂದು ಅದು ದೇಶದಲ್ಲೆಲ್ಲ ಹೆಸರಾಯಿತು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಹೋಗಿ ಕಲಿತದ್ದು ಇದೇ ಅವನೀಂದ್ರನಾಥರ ಹತ್ತಿರ. ರಾಯ್ ಆ ಶೈಲಿಯಲ್ಲೂ ಕೈಯಾಡಿಸಿ ನೋಡಿದರು.

ನನಗೆ ಅವರ ಜೀವನದಲ್ಲಿ ಬಹಳ ಮುಖ್ಯವೆನಿಸುವ ಸಂಗತಿ ಇಲ್ಲಿದೆ. ಪರದೇಶದ ಶೈಲಿ ನನ್ನದಲ್ಲ ಎಂದು ತಿಳಿಯುವುದು ಅಷ್ಟು ಕಷ್ಟವಲ್ಲ. ಆದರೆ ಸ್ವದೇಶಿ ಎಂದು ಎಲ್ಲರೂ ಮೆಚ್ಚಿಕೊಂಡ, ತಿಳಿದವರೆಲ್ಲ ಹೊಗಳುತ್ತಿದ್ದ ಶೈಲಿಯೂ ನನ್ನದಲ್ಲ ಎಂದು ಹೇಳಿಕೊಳ್ಳುವುದು ಹೆಚ್ಚು ಕಷ್ಟ. ಅಜಂತಾ ದೊಡ್ಡದೇ. ಆದರೆ ಬೆಲಿಯಾತೋರ್‌ನ ಹುಡುಗ ಬೆಳೆದದ್ದು ಅಜಂತಾದ ಗುಹೆಯಲ್ಲಲ್ಲ. ಸಿದ್ಧವಾಗಿದ್ದ ಎರಡು ದಾರಿಗಳಲ್ಲಿ ಒಂದು ಹಣ ಕೊಡುತ್ತಿತ್ತು, ಇನ್ನೊಂದು ಗೌರವ ಕೊಡುತ್ತಿತ್ತು. ಅವರು ಎರಡನ್ನೂ ಬಿಟ್ಟರು.

ಕಲಿತದ್ದನ್ನು ಮರೆಯುವ ಕೆಲಸ

ಈ ಬದಲಾವಣೆ ಆರಂಭವಾದದ್ದು 1920ರ ದಶಕದ ಮೊದಲ ವರ್ಷಗಳಲ್ಲಿ. ಆಗ ಅವರಿಗೆ ಮೂವತ್ತೈದರ ಆಸುಪಾಸು. ಸಂಸಾರಸ್ಥರು. ಕಲ್ಕತ್ತದಂಥ ಊರಿನಲ್ಲಿ ಮನೆ ನಡೆಸಬೇಕು. ಆ ವಯಸ್ಸಿನಲ್ಲಿ, ಚೆನ್ನಾಗಿ ಕೈಹಿಡಿದಿದ್ದ ಭಾವಚಿತ್ರದ ಕೆಲಸವನ್ನು ಬಿಡುತ್ತ ಬಂದರು.

ಬಿಟ್ಟ ಮೇಲೆ ಹೊಸದು ಕೂಡಲೇ ಸಿಗಲಿಲ್ಲ. ಮೊದಲು ಅವರ ಕಣ್ಣು ಹೋದದ್ದು ಕಾಲಿಘಾಟ್ ಪಟಗಳ ಕಡೆಗೆ. ಕಲ್ಕತ್ತದ ಕಾಳಿ ದೇವಸ್ಥಾನದ ಬೀದಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಹಳ್ಳಿಯಿಂದ ಬಂದ ಪಟುವಾಗಳು ಅಗ್ಗದ ಕಾಗದದ ಮೇಲೆ ಚಿತ್ರ ಬರೆದು ಯಾತ್ರಿಕರಿಗೆ ಮಾರುತ್ತಿದ್ದರು. ಒಂದೇ ಬೀಸಿನಲ್ಲಿ ಎಳೆದ ಗೆರೆ, ತುಂಬಿಕೊಂಡ ಮೈಕೈ, ಹಿಂದೆ ಖಾಲಿ ಕಾಗದ. ಅಚ್ಚಿನ ಬಣ್ಣದ ಚಿತ್ರಗಳು ಬಂದ ಮೇಲೆ ಆ ಕಸುಬು ಮುಚ್ಚಿಹೋಗುತ್ತಿತ್ತು. ರಾಯ್ ಆ ಗೆರೆಯನ್ನು ಕಲಿಯಲು ಕುಳಿತರು. ಬಣ್ಣವನ್ನೇ ಬಿಟ್ಟು, ದೀಪದ ಮಸಿಯಲ್ಲಿ ಕುಂಚದಿಂದ ಬರೀ ಗೆರೆ ಎಳೆದರು. ತಾಯಿ ಮಗು, ಕುಳಿತ ಹೆಂಗಸು, ಸಂತಾಲ ಸ್ತ್ರೀಯರ ಕುಣಿತ. ಹತ್ತಾರು ವರ್ಷ ನೆರಳು ಬೆಳಕು ಅಭ್ಯಾಸ ಮಾಡಿದ ಕೈಗೆ ನೆರಳಿಲ್ಲದೆ ಬರೆಯುವುದು ಸುಲಭವಲ್ಲ. ಇಷ್ಟು ದಿನ ಏನೇನು ಸೇರಿಸಬೇಕು ಎಂದು ಕಲಿತವರು ಈಗ ಏನೇನು ತೆಗೆಯಬೇಕು ಎಂದು ಕಲಿಯಬೇಕಾಯಿತು.

ಕೆಲವು ಕಾಲದ ನಂತರ ಕಾಲಿಘಾಟ್ ಕೂಡ ಅವರಿಗೆ ಸಾಲದೆ ಹೋಯಿತು. ಆ ಪಟುವಾಗಳು ಪಟ್ಟಣಕ್ಕೆ ಬಂದು ಪಟ್ಟಣದ ಗಿರಾಕಿಗೆ ತಕ್ಕಂತೆ ಬರೆದವರು, ಮೂಲ ಇನ್ನೂ ಹಿಂದೆ ಇದೆ ಎಂದು ಅವರಿಗೆ ಅನ್ನಿಸಿತು. ಅವರು ತಮ್ಮ ಬಾಂಕುರಾ ಕಡೆಗೇ ತಿರುಗಿದರು. ಹಳ್ಳಿಯ ಪಟಗಳನ್ನು ಸಂಗ್ರಹಿಸಿದರು. ಮರದ ಬೊಂಬೆ, ಮಣ್ಣಿನ ಆಟಿಕೆ, ದೇವಸ್ಥಾನದ ಗೋಡೆಯ ಉಬ್ಬುಚಿತ್ರ, ಹೆಂಗಸರ ಆಲ್ಪನಾ ಎಲ್ಲವನ್ನೂ ಹೊಸದಾಗಿ ನೋಡಿದರು. ಹದಿನಾರನೇ ವಯಸ್ಸಿನಲ್ಲಿ ಯಾವುದನ್ನು ಬಿಟ್ಟು ಕಲೆ ಕಲಿಯಲು ಹೋಗಿದ್ದರೋ ಅದರ ಹತ್ತಿರವೇ, ಕಲೆ ಕಲಿತು ಹೆಸರು ಮಾಡಿದ ಮೇಲೆ, ಶಿಷ್ಯರಾಗಿ ಹಿಂದಿರುಗಿದರು.

ಬರೆಯುವ ಸಾಮಗ್ರಿಯನ್ನೂ ಬದಲಿಸಿದರು. ಪೇಟೆಯಲ್ಲಿ ಸಿಗುವ ತೈಲವರ್ಣ, ಕ್ಯಾನ್ವಾಸ್ ಬಿಟ್ಟರು. ಬಟ್ಟೆ, ಹಲಗೆ, ಚಾಪೆ ಇವುಗಳಿಗೆ ಸುಣ್ಣವನ್ನೋ ಮಣ್ಣನ್ನೋ ಬಳಿದು ಅದರ ಮೇಲೆ ಬರೆದರು. ಕಲ್ಲಿನ ಪುಡಿ, ಮಣ್ಣು, ನೀಲಿ, ಸೀಮೆಸುಣ್ಣ, ದೀಪದ ಕಾಡಿಗೆ ಇವು ಬಣ್ಣ. ಅಂಟಿಗೆ ಹುಣಸೆಬೀಜದ ಸರಿ. ಮುಖ್ಯವಾಗಿ ಏಳು ಬಣ್ಣಗಳಿಗೆ ತಮ್ಮನ್ನು ಕಟ್ಟಿಹಾಕಿಕೊಂಡರು: ಇಟ್ಟಿಗೆಯಂಥ ಕೆಂಪು, ಹಳದಿ ಮಣ್ಣಿನ ಬಣ್ಣ, ಹಸಿರು, ಸಿಂಧೂರ, ಬೂದು, ನೀಲಿ ಮತ್ತು ಬಿಳಿ. ಕಪ್ಪು ಗೆರೆ ಇವನ್ನೆಲ್ಲ ಬೇಲಿಯ ಹಾಗೆ ಹಿಡಿದು ನಿಲ್ಲಿಸುತ್ತದೆ. ನಮ್ಮ ಹಸೆ ಗೋಡೆಯ ಕೆಮ್ಮಣ್ಣು, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಈ ವರ್ಷಗಳು ಕಷ್ಟದವು. ಭಾವಚಿತ್ರ ಬರೆಸುತ್ತಿದ್ದ ಗಿರಾಕಿಗಳಿಗೆ ಈ ಬೊಂಬೆಯಂಥ ಚಿತ್ರಗಳು ಬೇಕಿರಲಿಲ್ಲ. ಸಂಪಾದನೆ ಕುಸಿಯಿತು. ಅಷ್ಟು ಚೆನ್ನಾಗಿ ಬರೆಯಬಲ್ಲವರು ಏಕೆ ಹೀಗೆ ಮಕ್ಕಳ ಹಾಗೆ ಬರೆಯುತ್ತಾರೆ ಎನ್ನುವ ಅನುಮಾನವನ್ನೂ ಎದುರಿಸಬೇಕಾಯಿತು. ಧೈರ್ಯ ಎಂದರೆ ಒಂದು ದಿನ ಎದ್ದು ಕೆಲಸ ಬಿಡುವುದು ಎಂದು ನಾವು ತಿಳಿಯುತ್ತೇವೆ. ಅವರ ಜೀವನ ನೋಡಿದರೆ, ಬಿಟ್ಟ ದಿನಕ್ಕಿಂತ ಆಮೇಲಿನ ಆರೇಳು ವರ್ಷ, ಇನ್ನೂ ಸರಿಯಾಗಿ ಸಿಗದ ಒಂದನ್ನು ಹಿಡಿದು ದಿನವೂ ಬೆಳಗ್ಗೆ ಕೂರುವುದಕ್ಕೇ ಹೆಚ್ಚು ಧೈರ್ಯ ಬೇಕಾಗಿತ್ತು ಎಂದು ಕಾಣುತ್ತದೆ.

ಜನ ಗುರುತಿಸಿದ್ದು

1930ರ ಹೊತ್ತಿಗೆ ಗಾಳಿ ತಿರುಗಿತು. ಅವರು ಓದಿದ ಸರ್ಕಾರಿ ಕಲಾಶಾಲೆಗೆ ಆಗ ಮುಕುಲ್ ದೇ ಎಂಬ ಕಲಾವಿದರು ಪ್ರಾಂಶುಪಾಲರಾಗಿದ್ದರು. ಅವರು ರಾಯ್ ಅವರ ಹೊಸ ಚಿತ್ರಗಳ ಪ್ರದರ್ಶನಕ್ಕೆ ಏರ್ಪಾಡು ಮಾಡಿದರು. ಯಾವ ಶಾಲೆಯ ಪಾಠವನ್ನು ಬಿಟ್ಟು ಹೊರಟಿದ್ದರೋ ಅದೇ ಶಾಲೆ ಕರೆದು ಗೋಡೆ ಕೊಟ್ಟಿತು. ಸುವರ್ಣ ಮಹೋತ್ಸವ ಆಚರಿಸುತ್ತಿರುವ ನಮಗೆ ಈ ಸಂಗತಿ ಹಿತವಾಗಿಯೇ ಕೇಳಿಸುತ್ತದೆ.

1931ರಲ್ಲಿ ಉತ್ತರ ಕಲ್ಕತ್ತದ ತಮ್ಮ ಮನೆಯಲ್ಲೇ ಪ್ರದರ್ಶನ ಇಟ್ಟರು. ಭಾರತೀಯ ಕಲೆಯ ವಿದ್ವಾಂಸರಾದ ಸ್ಟೆಲ್ಲಾ ಕ್ರಾಮ್ರಿಶ್ ಅದನ್ನು ಉದ್ಘಾಟಿಸಿದರು. ಆ ದಿನ ಮನೆಯನ್ನು ಬಂಗಾಳದ ಹಳ್ಳಿಯ ಮನೆಯ ಹಾಗೆ ಸಜ್ಜುಗೊಳಿಸಿದ್ದರು. 1930ರ ದಶಕದ ಮಧ್ಯದಲ್ಲಿ ಅಖಿಲ ಭಾರತ ಪ್ರದರ್ಶನವೊಂದರಲ್ಲಿ ವೈಸರಾಯ್ ಅವರ ಚಿನ್ನದ ಪದಕ ಬಂತು. ಬಂಗಾಳಿಯ ಹೊಸ ಕವಿಗಳಾದ ಸುಧೀಂದ್ರನಾಥ ದತ್ತ, ಬಿಷ್ಣು ದೇ ಅವರ ಸ್ನೇಹ ದೊರೆಯಿತು. ಬಿಷ್ಣು ದೇ ಮತ್ತು ಜಾನ್ ಇರ್ವಿನ್ ಸೇರಿ 1944ರಲ್ಲಿ ಅವರ ಬಗ್ಗೆ ಒಂದು ಪುಸ್ತಕ ಬರೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಕತ್ತದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್, ಅಮೆರಿಕನ್ ಸೈನಿಕರು ಅವರ ಮನೆ ಹುಡುಕಿಕೊಂಡು ಬಂದು ಚಿತ್ರ ಕೊಂಡು ತಮ್ಮ ದೇಶಗಳಿಗೆ ಒಯ್ದರು. 1946ರಲ್ಲಿ ಲಂಡನ್ನಿನಲ್ಲಿ, 1953ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗಳಾದವು. ಐರೋಪ್ಯ ಶೈಲಿಯಲ್ಲಿ ಬರೆಯುತ್ತಿದ್ದಾಗ ಅವರನ್ನು ಯುರೋಪು ಗುರುತಿಸಿರಲಿಲ್ಲ ಎನ್ನುವುದನ್ನು ಗಮನಿಸಬೇಕು.

ಅವರು ಹಳ್ಳಿಯ ದೇವರು, ದನ, ಹಕ್ಕಿ ಇಷ್ಟಕ್ಕೇ ನಿಲ್ಲಲಿಲ್ಲ. ಯೇಸುವಿನ ಜೀವನವನ್ನು ಕುರಿತು ಚಿತ್ರಗಳ ಒಂದು ಮಾಲೆಯನ್ನೇ ಬರೆದರು. ಉದ್ದ ಕಣ್ಣಿನ, ಬಂಗಾಳದ ಪಟದಿಂದ ಇಳಿದುಬಂದಂಥ ಯೇಸು ಅವರದು. ಕಲ್ಕತ್ತದ ಪ್ರಸಿದ್ಧ ರಸಗುಲ್ಲಾ ಮನೆತನದ ಶಾರದಾ ಚರಣ್ ದಾಸ್ ಅವರಿಗಾಗಿ ರಾಮಾಯಣವನ್ನು 17 ದೊಡ್ಡ ಚಿತ್ರಗಳಲ್ಲಿ ಬರೆದುಕೊಟ್ಟರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಕೆ.ಸಿ. ದಾಸ್ ಅಂಗಡಿಯಲ್ಲಿ ರಸಗುಲ್ಲಾ ತಿಂದವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಜನರಿದ್ದಾರೆ. ಆ ಮನೆತನವೇ ಇದು. ತನ್ನತನ ಎಂದರೆ ತನ್ನ ಊರಿನ ವಿಷಯವನ್ನೇ ಬರೆಯಬೇಕು ಎಂದಲ್ಲ. ಗೆರೆ ತನ್ನದಾಗಿದ್ದರೆ ಯಾವ ವಿಷಯ ಬೇಕಾದರೂ ಅದರೊಳಗೆ ಬಂದು ಕೂರುತ್ತದೆ.

ಮೊದಲ ಪ್ರತಿ, ನಕಲು ಪ್ರತಿ

ಅವರ ಬಗ್ಗೆ ಓದುವಾಗ ನನ್ನನ್ನು ಗೊಂದಲಕ್ಕೆ ಹಾಕಿದ ವಿಷಯವೂ ಒಂದಿದೆ. ಇಷ್ಟೆಲ್ಲ ಕಷ್ಟಪಟ್ಟು ತನ್ನದೇ ಗೆರೆಯನ್ನು ಪಡೆದ ಮೇಲೆ, ಅವರು ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆದರು. ಮನೆಯನ್ನೇ ಕಾರ್ಖಾನೆಯ ಹಾಗೆ ಮಾಡಿ, ಮಗ ಮತ್ತು ಮನೆಯ ಇತರರು ಸೇರಿ ಬರೆದ ಪ್ರತಿಗಳಿಗೂ ತಮ್ಮ ಹೆಸರನ್ನೇ ಹಾಕಿದರು. ಬೆಲೆ ಬಹಳ ಕಡಿಮೆ ಇಟ್ಟರು. ಸಾಮಾನ್ಯ ಗುಮಾಸ್ತರ, ಮೇಷ್ಟ್ರ ಮನೆಯ ಗೋಡೆಗೂ ಒಂದು ಚಿತ್ರ ಹೋಗಬೇಕೆಂಬುದು ಅವರ ಆಸೆ. ಕುಂಬಾರ ಒಂದೇ ಕುದುರೆ ಮಾಡಿ ಕೂರುತ್ತಾನೆಯೇ? ಪಟುವಾ ಒಂದೇ ಪಟ ಬರೆದು ನಿಲ್ಲಿಸುತ್ತಾನೆಯೇ? ಇದು ಅವರ ಲೆಕ್ಕ.

ವಿಮರ್ಶಕರು ಇದನ್ನು ಒಪ್ಪಲಿಲ್ಲ. ಜೀವ ಹೋಗಿ ಬರೀ ಯಂತ್ರದ ಕೆಲಸವಾಗಿದೆ ಎಂದರು. ಆ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ. ಅವರ ಕೆಲವು ಚಿತ್ರಗಳಲ್ಲಿ ಗೆರೆ ದಣಿದಂತೆ ಕಾಣುತ್ತದೆ. ಇವತ್ತು ಮಾರುಕಟ್ಟೆಯಲ್ಲಿ ಅವರ ಹೆಸರಿನ ನಕಲಿ ಚಿತ್ರಗಳು ಬಹಳ ಇರುವುದಕ್ಕೂ ಇದು ಒಂದು ಕಾರಣವಿರಬೇಕು. ಆದರೆ ಚಿತ್ರವನ್ನು ಅಪರೂಪದ ವಸ್ತುವಾಗಿಸಿ ಹೆಚ್ಚು ಬೆಲೆಗೆ ಮಾರುವ ಅವಕಾಶ ಕೈಯಲ್ಲೇ ಇದ್ದಾಗ ಅದನ್ನು ಬಿಟ್ಟು, ಹಳ್ಳಿಯ ಕಸುಬುದಾರರ ನಡತೆಯನ್ನೇ ತಮ್ಮ ನಡತೆಯಾಗಿ ಇಟ್ಟುಕೊಂಡರು. ಅವರು ಪಟುವಾಗಳಿಂದ ಗೆರೆ ಮಾತ್ರ ತೆಗೆದುಕೊಂಡು, ಬದುಕುವ ರೀತಿಯನ್ನು ಪಟ್ಟಣದವರಂತೆ ಇಟ್ಟುಕೊಳ್ಳಲಿಲ್ಲ. ಅದು ಸರಿಯೋ ತಪ್ಪೋ, ಪ್ರಾಮಾಣಿಕವಂತೂ ಹೌದು.

1954ರಲ್ಲಿ ಅವರಿಗೆ ಪದ್ಮಭೂಷಣ ಬಂತು. 1955ರಲ್ಲಿ ಲಲಿತಕಲಾ ಅಕಾಡೆಮಿ ಫೆಲೊ ಗೌರವ ನೀಡಿತು. ಕೊನೆಯ ವರ್ಷಗಳನ್ನು ದಕ್ಷಿಣ ಕಲ್ಕತ್ತದ ಬಾಲಿಗಂಜ್‌ನಲ್ಲಿ ಕಟ್ಟಿಸಿದ ಮನೆಯಲ್ಲಿ ಚಿತ್ರ ಬರೆಯುತ್ತಲೇ ಕಳೆದರು. 1972ರ ಏಪ್ರಿಲ್ 24ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು. 1976ರಲ್ಲಿ ಭಾರತ ಸರ್ಕಾರ ಅವರ ಚಿತ್ರಗಳನ್ನು ದೇಶದ ಕಲಾನಿಧಿ ಎಂದು ಘೋಷಿಸಿತು. ಅವುಗಳನ್ನು ದೇಶದ ಹೊರಗೆ ಮಾರಿ ಸಾಗಿಸುವಂತಿಲ್ಲ. ಅವರ ಬಾಲ್ಯದಲ್ಲಿ ಯಾರೂ ಕಲೆ ಎಂದು ಕರೆಯದಿದ್ದ ಗೆರೆಗೆ ಕೊನೆಗೆ ಸಿಕ್ಕ ಸ್ಥಾನ ಇದು.

ನಮ್ಮ ಗೋಡೆ

ಇದನ್ನು ಬರೆಯುವಾಗ ನನಗೆ ಮೂವತ್ತಾರು ವರ್ಷ. ರಾಯ್ ಅವರು ಭಾವಚಿತ್ರ ಬಿಟ್ಟಾಗ ಇದ್ದಷ್ಟೇ ವಯಸ್ಸು. ನಮ್ಮ ಬ್ಯಾಚಿನವರೆಲ್ಲ ಈಗ ಇದೇ ವಯಸ್ಸಿನಲ್ಲಿದ್ದೇವೆ. ನಮ್ಮಲ್ಲಿ ಚೆನ್ನಾಗಿ ಹಾಡುತ್ತಿದ್ದವರಿದ್ದರು, ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರಿದ್ದರು, ಕವನ ಬರೆದು ಗೋಡೆಪತ್ರಿಕೆಗೆ ಅಂಟಿಸುತ್ತಿದ್ದವರಿದ್ದರು. ಈಗ ವಾಟ್ಸಾಪ್ ಗುಂಪಿನಲ್ಲಿ ಸಾಲದ ಕಂತು, ಮಕ್ಕಳ ಫೀಸು, ಅಡಿಕೆ ರೇಟು ಇವೇ ಮಾತು. ಇನ್ನು ನಮ್ಮ ಕಾಲ ಮುಗಿಯಿತು ಎಂದು ಯಾರಾದರೂ ಬರೆದರೆ ಎಲ್ಲರೂ ಹೌದು ಎನ್ನುತ್ತಾರೆ. ನಾನು ನೌಕರಿ ಬಿಡುವವನಲ್ಲ, ಬಿಡಿ ಎಂದು ಯಾರಿಗೂ ಹೇಳುವವನೂ ಅಲ್ಲ. ರಾಯ್ ಅವರಷ್ಟು ಕೈಯೂ ನನಗಿಲ್ಲ, ಎದೆಯೂ ಇಲ್ಲ. ಆದರೆ ಮೂವತ್ತೈದು ಎಂದರೆ ಮುಗಿಯಿತು ಎನ್ನುವ ಮಾತನ್ನು ಅವರ ಜೀವನ ಓದಿದ ಮೇಲೆ ಒಪ್ಪಲು ಆಗುವುದಿಲ್ಲ. ಅವರ ನಿಜವಾದ ಕೆಲಸ ಆರಂಭವಾದದ್ದೇ ಅಲ್ಲಿಂದ.

ಅಜ್ಜಿ ಈಗ ಇಲ್ಲ. ಕಳೆದ ಭೂಮಿ ಹುಣ್ಣಿಮೆಗೆ ಊರಿಗೆ ಬಂದಾಗ ಅಮ್ಮನ ಹತ್ತಿರ ಕುಳಿತು ಪುಂಡಿ ನಾರಿನ ಕುಂಚ ಹಿಡಿದೆ. ಒಂದು ಎಳೆಯೂ ನೇರ ಬರಲಿಲ್ಲ. ಎರಡು ಎಳೆಯ ನಡುವೆ ಜಾಗ ಸಮವಾಗಿರಬೇಕು, ಉಸಿರು ಬಿಗಿ ಹಿಡಿಯಬಾರದು, ಕೈ ಊರಬಾರದು ಎಂದು ಅಮ್ಮ ಹೇಳುತ್ತಲೇ ಇದ್ದರು. ಜೋಗಿ ಜಡೆಯ ಹೆಣಿಗೆಯ ಲೆಕ್ಕ ಕೇಳಿದಾಗ, ಇಷ್ಟು ವರ್ಷ ಲೆಕ್ಕದ ಕೆಲಸ ಮಾಡಿದವನಿಗೇ ತಲೆ ತಿರುಗಿತು. ಚಿತ್ತಾರ ಎಂದರೆ ಓದದವರ ಗೀಚು ಎಂದು ತಿಳಿದಿದ್ದ ಒಂಬತ್ತನೇ ತರಗತಿಯ ಹುಡುಗನನ್ನು ನೆನೆದು ಆ ದಿನ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹಿಮದ ಬೆಟ್ಟ ಬರೆದದ್ದು ತಪ್ಪಲ್ಲ. ಅದನ್ನು ನಮ್ಮ ಊರು ಎಂದು ಕರೆದದ್ದು ತಪ್ಪು.

ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಮಹೋತ್ಸವಕ್ಕೆ ಶಾಲೆಯ ಎದುರಿನ ಗೋಡೆಗೆ ಬಣ್ಣ ಹೊಡೆಸಿ ಚಿತ್ರ ಬರೆಸುವ ಮಾತು ನಡೆದಿದೆ ಎಂದು ಕೇಳಿದೆ. ಪೇಟೆಯಿಂದ ಪೇಂಟರ್ ಕರೆಸುವ ಮೊದಲು, ಅದರಲ್ಲಿ ಒಂದು ಅಂಕಣವನ್ನು ನಮ್ಮೂರಿನ ಚಿತ್ತಾರ ಬಲ್ಲ ಹೆಂಗಸರಿಗೆ ಬಿಟ್ಟುಕೊಡಿ. ಅಂಥವರು ಈಗ ನಾಲ್ಕೈದು ಜನ ಉಳಿದಿದ್ದಾರೆ, ಎಲ್ಲರಿಗೂ ಅರವತ್ತು ದಾಟಿದೆ. ಕೆಮ್ಮಣ್ಣು, ಅಕ್ಕಿ, ಪುಂಡಿ ನಾರು ಹೊಂದಿಸುವ ಕೆಲಸ ನಮ್ಮ ಬ್ಯಾಚಿನದು. ಒಂಬತ್ತನೇ ತರಗತಿಯ ಮಕ್ಕಳು ಅವರ ಪಕ್ಕದಲ್ಲಿ ಕುಳಿತು ಒಂದೊಂದು ಎಳೆ ಎಳೆಯಲಿ. ಅದರಲ್ಲಿ ಎಷ್ಟು ಜನ ಮುಂದೆ ಚಿತ್ರಕಾರರಾಗುತ್ತಾರೋ ಗೊತ್ತಿಲ್ಲ. ಮನೆಗೆ ಗೆಳೆಯರು ಬಂದಾಗ ಅಜ್ಜಿಯ ಬುಟ್ಟಿಯನ್ನು ಒಳಗಿಡದಿದ್ದರೆ ಅಷ್ಟೇ ಸಾಕು.

ಯಾವ ಊರಪ್ಪ ಇದು ಎಂದು ಕೇಳಿದ ಆ ಮೇಷ್ಟ್ರಿಗೆ, ನಮಗೆ ಕಲಿಸಿದ ಎಲ್ಲ ಗುರುಗಳಿಗೆ, ಈ ಶಾಲೆಗೆ ಜಾಗ ಕೊಟ್ಟು ಕಲ್ಲು ಮಣ್ಣು ಹೊತ್ತ ಊರಿನ ಹಿರಿಯರಿಗೆ ನನ್ನ ನಮಸ್ಕಾರಗಳು. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟು ವರ್ಷ ಬೇಕಾಯಿತು.

(ಲೇಖಕರು ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್)